ಕರೆಯದೆ ಬಂದ ಜಾದೂಗಾರ

ಕನ್ನಡ ಶಾಲೆಯಲ್ಲಿ ಸರ್ವಜ್ಞನನ್ನು ಬಾಯಿಪಾಠ ಮಾಡಿದವರಿಗೆಲ್ಲ ಒಂದು ವಿಷಯ ಗೊತ್ತು. ಹೇಳಿಕಳಿಸದೆ ಬಂದು ನಿಂತವನಿಗೆ ಎಂಥ ಮರ್ಯಾದೆ ಮಾಡಬೇಕು ಅಂತ ಆತ ಹೇಳಿದ್ದಾನಲ್ಲ, ಅದರಲ್ಲಿ ಕಾಲಿಗೆ ಹಾಕಿಕೊಳ್ಳುವ ವಸ್ತುವೊಂದು ಬರುತ್ತದೆ! ಪರೀಕ್ಷೆಯಲ್ಲಿ ಅದರ ಭಾವಾರ್ಥ ಬರೆದು ನಾನು ಅಂಕ ಗಿಟ್ಟಿಸಿದ್ದೇನೆ. ಅರ್ಥವಾದದ್ದು ಮಾತ್ರ ಕಳೆದ ವರ್ಷ, ನಮ್ಮ ಸಂಘದ ನಾಟಕದ ಟಿಕೆಟ್ ಮಾರಲು ಹೊರಟಾಗ.

ಒಂದು ಉಡುಪಿ ಹೋಟೆಲಿಗೆ ಹೋದೆ. ಮೂಲೆಯ ಟೇಬಲ್ಲಿನಲ್ಲಿ ನಾಲ್ಕು ಜನ, ನಮ್ಮ ಕಡೆಯವರೇ, ಕನ್ನಡದಲ್ಲಿ ಮಾತಾಡುತ್ತ ದೋಸೆ ತಿನ್ನುತ್ತಿದ್ದರು. ಟಿಕೆಟ್ ಪುಸ್ತಕ ಹಿಡಿದು ಅವರ ಹತ್ತಿರ ನಿಂತೆ. ನಾಲ್ವರೂ ತಲೆ ಎತ್ತಿ ನೋಡಿದರು. ಒಬ್ಬರು ನನ್ನನ್ನು ಸಪ್ಲೈಯರ್ ಅಂತ ತಿಳಿದು ಇನ್ನೊಂದು ಲೋಟ ನೀರು ಕೇಳಿದರು. ನಾನು ತಂದುಕೊಟ್ಟೆ! ಆಮೇಲೆ ಒಂದು ಕಾಫಿ ಕುಡಿದು, ಹತ್ತು ಟಿಕೆಟ್ ತೆಗೆದುಕೊಂಡು ಹೋದವನು ಹತ್ತನ್ನೂ ಹಾಗೇ ವಾಪಸ್ಸು ತಂದೆ.

ಆ ಅವಮಾನ ಇನ್ನೂ ಹಸಿಯಾಗಿದ್ದಾಗಲೇ ಮ್ಯಾಕ್ಸ್ ಮಲೀನಿ ಎಂಬ ಜಾದೂಗಾರನ ಬಗ್ಗೆ ಓದಿದೆ. ತಿನ್ನುತ್ತಾ ಕುಡಿಯುತ್ತಾ ಕೂತ ಅಪರಿಚಿತರ ನಡುವೆ ಕರೆಯದೆ ಹೋಗಿ ನಿಲ್ಲುವುದೇ ಅವನ ಜೀವನೋಪಾಯ. ಹಾಗೆ ನಿಂತು ನಿಂತು ಆತ ಅರಮನೆಯವರೆಗೂ ಹೋದ. ಅವನ ಕಥೆಯನ್ನು ಗೆಳೆಯರಿಗೆ ಹೇಳಬೇಕು ಅನ್ನಿಸಿತು.

ಜಾದೂಗಾರರಲ್ಲಿ ಮೂರು ಬಗೆ. ಮೊದಲನೆಯವನು ನಮ್ಮ ಬೀದಿಯ ಗಾರುಡಿಗ. ಅವನು ಒಂದು ಕಡೆ ಬುಟ್ಟಿ ಇಟ್ಟು, ಡಮರು ಬಾರಿಸಿ ನಿಲ್ಲುತ್ತಾನೆ. ಜನ ತಾವಾಗಿ ಬಂದು ಸುತ್ತ ನೆರೆಯುತ್ತಾರೆ, ಬೇಡವಾದವರು ನಡೆದುಬಿಡುತ್ತಾರೆ. ಎರಡನೆಯವನು ರಂಗದ ಜಾದೂಗಾರ. ಅವನ ಮುಂದೆ ಕೂತವರು ದುಡ್ಡು ಕೊಟ್ಟು ಬಂದವರು, ನೋಡಲೆಂದೇ ಬಂದವರು. ಮೂರನೆಯವನು ಮಾತ್ರ ಬೇರೆ. ಅವನೇ ಜನರ ಹತ್ತಿರ ಹೋಗಬೇಕು. ಅವರು ಊಟಕ್ಕೆ ಬಂದಿದ್ದಾರೆ, ಜಾದೂಗೆ ಅಲ್ಲ. ಗಂಡಹೆಂಡಿರ ಜಗಳ ನಡೆದಿರಬಹುದು, ವ್ಯಾಪಾರದ ಮಾತು ನಡೆದಿರಬಹುದು, ಬರೀ ಹಸಿವಾಗಿರಬಹುದು. ಅವನ ನಿಜವಾದ ಆಟ ಎಲೆ ಕಲಸಿದ ಮೇಲೆ ಅಲ್ಲ, ಟೇಬಲ್ಲಿನ ಹತ್ತಿರ ಬಂದ ಮೊದಲ ನಿಮಿಷದಲ್ಲೇ ಗೆದ್ದಿರುತ್ತದೆ ಅಥವಾ ಸೋತಿರುತ್ತದೆ. ಮಲೀನಿ ಈ ಮೂರನೆಯ ಬಗೆಯವನು.

ಅವನ ಹುಟ್ಟುಹೆಸರು ಮ್ಯಾಕ್ಸ್ ಕಾಟ್ಸ್ ಬ್ರೈಟ್. 1873ರಲ್ಲಿ ಪೋಲೆಂಡ್ ಮತ್ತು ಆಸ್ಟ್ರಿಯಾ ಗಡಿಯ ಓಸ್ತ್ರೋವ್ ಎಂಬ ಸಣ್ಣ ಊರಲ್ಲಿ ಹುಟ್ಟಿದ. ಆಗ ನಕಾಶೆಯಲ್ಲಿ ಪೋಲೆಂಡ್ ಎಂಬ ಸ್ವತಂತ್ರ ದೇಶವೇ ಇರಲಿಲ್ಲ. ಅಕ್ಕಪಕ್ಕದ ಮೂರು ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. ಇನ್ನೂ ಚಿಕ್ಕವನಿದ್ದಾಗಲೇ ತಂದೆತಾಯಿಯ ಜೊತೆ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರ ಮಕ್ಕಳ ಕಥೆ ನಮಗೆ ಹೊಸದೇನಲ್ಲ. ಓದು ಅಷ್ಟಕ್ಕಷ್ಟೇ. ಹನ್ನೆರಡರ ವಯಸ್ಸಿಗೆ ದೊಂಬರಾಟದ ಕಸರತ್ತು ಕಲಿಯತೊಡಗಿದ. ಹದಿನೈದರ ಹೊತ್ತಿಗೆ ಅದನ್ನು ಬಿಟ್ಟು ಕೈಚಳಕಕ್ಕೆ ಬಂದ.

ಅವನ ಗುರು ಫ್ರಾಂಕ್ ಸೈಡನ್. ಈತ ಜಾದೂ ಮಾಡುತ್ತಿದ್ದ, ಬೆಂಕಿ ನುಂಗುತ್ತಿದ್ದ, ಬಾಯಿ ಅಲ್ಲಾಡಿಸದೆ ಗೊಂಬೆಯನ್ನು ಮಾತಾಡಿಸುತ್ತಿದ್ದ. ಜೊತೆಗೆ ನ್ಯೂಯಾರ್ಕಿನ ಬವರಿ ಎಂಬ ಬೀದಿಯಲ್ಲಿ ಒಂದು ಸಲೂನ್ ನಡೆಸುತ್ತಿದ್ದ. ಸಲೂನ್ ಅಂದರೆ ನಮ್ಮ ಕ್ಷೌರದಂಗಡಿ ಅಲ್ಲ, ಅಲ್ಲಿಯ ಪಡಖಾನೆ. ಬವರಿಯಾದರೂ ಎಂಥ ಬೀದಿ! ಅಗ್ಗದ ಹೆಂಡ, ಅಗ್ಗದ ವಸತಿ, ಜೇಬುಗಳ್ಳರು, ಕೆಲಸವಿಲ್ಲದ ನಾವಿಕರು. ಹುಡುಗ ಅಲ್ಲಿ ಕೆಲಸ ಮಾಡುತ್ತ, ಕುಡಿಯುವವರ ಎದುರಿಗೇ ಆಟ ಕಲಿತ.

ಈ ಶಾಲೆಯ ಬಗ್ಗೆ ಸ್ವಲ್ಪ ಯೋಚಿಸಿ ನೋಡಿ. ಕುಡಿದವನಿಗೆ ತಾಳ್ಮೆ ಇರೋದಿಲ್ಲ. ಉದ್ದ ಪೀಠಿಕೆ ಹಾಕಿದರೆ ಮುಖ ತಿರುಗಿಸುತ್ತಾನೆ. ಆಟ ಹಿಡಿಸದಿದ್ದರೆ ಸುಮ್ಮನಿರುವುದಿಲ್ಲ, ಬೈಯುತ್ತಾನೆ, ಎಲೆ ಕಿತ್ತುಕೊಳ್ಳುತ್ತಾನೆ. ಅಲ್ಲಿ ಪರದೆ ಇಲ್ಲ, ದೀಪದ ವ್ಯವಸ್ಥೆ ಇಲ್ಲ, ನೋಡುವವರು ಎದುರಿಗಷ್ಟೇ ಅಲ್ಲ, ಎಡಕ್ಕೂ ಬಲಕ್ಕೂ ಬೆನ್ನ ಹಿಂದೆಯೂ ಇದ್ದಾರೆ. ಅಂಥ ಕಡೆ ಮೊದಲ ಅರ್ಧ ನಿಮಿಷದಲ್ಲಿ ಏನಾದರೂ ಆಗಲೇಬೇಕು. ಮುಂದೆ ಮಲೀನಿ ಯಾವ ಅರಮನೆಗೆ ಹೋದರೂ ಈ ಪಡಖಾನೆಯ ಪಾಠ ಬಿಡಲಿಲ್ಲ.

ದೇಹದ ವಿಷಯಕ್ಕೆ ಬಂದರೆ ದೇವರು ಈತನಿಗೆ ಏನೂ ಉಪಕಾರ ಮಾಡಿರಲಿಲ್ಲ. ಗಿಡ್ಡ ಆಳು, ದಪ್ಪ ಮೈ. ಕೈಗಳಂತೂ ತೀರ ಚಿಕ್ಕವು. ಇಸ್ಪೀಟಿನ ಎಲೆಯನ್ನು ಅಂಗೈಯಲ್ಲಿ ಅಡಗಿಸುವುದು ಕೈಚಳಕದ ಮೊದಲ ಪಾಠ. ಅಂಗೈ ಎಲೆಗಿಂತ ಚಿಕ್ಕದಾದರೆ ಪಾಪ ಏನು ಮಾಡಬೇಕು? ಅದು ಸಾಲದು ಅಂತ ಇಂಗ್ಲಿಷೂ ಸರಿಯಾಗಿ ಬರದು. ಸಾಯುವವರೆಗೂ ಅವನ ಮಾತಿನಲ್ಲಿ ಹಳೆಯ ಊರಿನ ಎಳೆತ ಹೋಗಲಿಲ್ಲ. ಕನ್ನಡ ಮಾಧ್ಯಮದಿಂದ ನೇರ ಕಾಲೇಜಿಗೆ ಬಂದು, ಬಾಯಿ ತೆರೆಯಲು ಹೆದರಿ ಹಿಂದಿನ ಬೆಂಚು ಹಿಡಿದ ನಮ್ಮಂಥವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಅವನ ಕಾಲದ ದೊಡ್ಡ ಜಾದೂಗಾರರನ್ನು ನೋಡಿ. ಹ್ಯಾರಿ ಹೌಡಿನಿ ಹುಟ್ಟಿದ್ದು 1874ರಲ್ಲಿ, ಬುಡಾಪೆಸ್ಟಿನಲ್ಲಿ. ಅವನೂ ವಲಸೆ ಬಂದವರ ಮಗನೇ. ಆದರೆ ಅವನ ಹಿಂದೆ ಸಂಕೋಲೆ, ಪೆಟ್ಟಿಗೆ, ನೀರಿನ ತೊಟ್ಟಿ, ಸಹಾಯಕರು, ಗೋಡೆ ತುಂಬ ಪೋಸ್ಟರು. ಹೋವರ್ಡ್ ಥರ್ಸ್ಟನ್ ಎಂಬವನ ಸಾಮಾನು ಸಾಗಿಸಲು ರೈಲಿನ ಡಬ್ಬಿಗಳೇ ಬೇಕಾಗುತ್ತಿದ್ದವು. ಮಲೀನಿಯ ಬಂಡವಾಳ ಏನು? ಒಂದು ಕಟ್ಟು ಎಲೆ, ಮೊಟ್ಟೆ ಮಾಯವಾಗುವ ಒಂದು ಬಟ್ಟೆಯ ಚೀಲ, ಹೀಗೆ ಕೆಲವು ಸಣ್ಣಪುಟ್ಟ ಸಾಮಾನು. ಉಳಿದದ್ದೆಲ್ಲ ಎದುರಿಗಿದ್ದವರದು: ಅವರ ನಾಣ್ಯ, ಅವರ ಹ್ಯಾಟು, ಅವರ ಊಟದ ಚಾಕು, ಅವರ ಕೋಟಿನ ಗುಂಡಿ. ಕಾಮರ್ಸ್ ವಿದ್ಯಾರ್ಥಿಯ ಲೆಕ್ಕದಲ್ಲಿ ಹೇಳುವುದಾದರೆ, ಗಿರಾಕಿಯ ಬಂಡವಾಳದಿಂದಲೇ ವ್ಯಾಪಾರ!

ಗುಂಡಿಯ ಮಾತು ಬಂತಲ್ಲ, ಅವನ ಬದುಕು ತಿರುಗಿದ್ದೇ ಒಂದು ಗುಂಡಿಯಿಂದ. 1902, ವಾಷಿಂಗ್ಟನ್. ಮಾರ್ಕ್ ಹ್ಯಾನಾ ಆಗ ಒಹಾಯೋ ರಾಜ್ಯದ ಸೆನೆಟರ್. ದೊಡ್ಡ ಶ್ರೀಮಂತ, ವಿಲಿಯಂ ಮೆಕಿನ್ಲಿಯನ್ನು 1896ರ ಚುನಾವಣೆಯಲ್ಲಿ ಅಧ್ಯಕ್ಷನನ್ನಾಗಿ ಮಾಡಿದ ಶಕ್ತಿ ಇವನೇ ಎಂದು ದೇಶಕ್ಕೆಲ್ಲ ಗೊತ್ತು. ಈ ಗಿಡ್ಡ ಆಸಾಮಿ ನೇರ ಅವನ ಬಳಿ ನಡೆದ. ಪರಿಚಯ ಇಲ್ಲ, ಶಿಫಾರಸು ಇಲ್ಲ, ಚೀಟಿ ಇಲ್ಲ. ಸೆನೆಟರನ ಕೋಟಿನ ಅಂಚು ಹಿಡಿದ, ಬಗ್ಗಿದ, ಒಂದು ಗುಂಡಿಯನ್ನು ಹಲ್ಲಿನಿಂದ ಕಚ್ಚಿ ಕಿತ್ತ! ಸೆನೆಟರನಿಗೆ ಕೋಪ ಬರುವುದೋ ಗಾಬರಿ ಬರುವುದೋ ತಿಳಿಯುವ ಮೊದಲೇ ಗುಂಡಿಯನ್ನು ಕೋಟಿಗೆ ತಾಗಿಸಿ ಊದಿದ. ನೋಡಿದರೆ ಗುಂಡಿ ಮೊದಲಿನಂತೆ ದಾರದಲ್ಲಿ ಭದ್ರ.

ಇದನ್ನು ತಮಾಷೆಯ ಕಥೆಯಾಗಿ ಎಲ್ಲರೂ ಹೇಳುತ್ತಾರೆ. ನನಗೆ ಇದರಲ್ಲಿ ಕಂಡದ್ದು ಬೇರೆ. ಇಸವಿಯನ್ನು ಗಮನಿಸಿ. 1901ರ ಸೆಪ್ಟೆಂಬರಿನಲ್ಲಿ ಬಫಲೋ ನಗರದಲ್ಲಿ ಅಧ್ಯಕ್ಷ ಮೆಕಿನ್ಲಿ ಸಾರ್ವಜನಿಕರ ಕೈಕುಲುಕುತ್ತ ನಿಂತಿದ್ದ. ಸಾಲಿನಲ್ಲಿ ಬಂದ ಒಬ್ಬ ಯುವಕ, ಬಲಗೈಗೆ ಕರವಸ್ತ್ರ ಸುತ್ತಿಕೊಂಡಿದ್ದ. ಅದರೊಳಗೆ ಪಿಸ್ತೂಲಿತ್ತು. ಗುಂಡೇಟಿನಿಂದ ಅಧ್ಯಕ್ಷ ಕೆಲವೇ ದಿನಗಳಲ್ಲಿ ತೀರಿಕೊಂಡ. ಗುಂಡು ಹಾರಿಸಿದ ಲಿಯೋನ್ ಚೋಲ್ಗಾಶ್ ಪೋಲೆಂಡಿನಿಂದ ವಲಸೆ ಬಂದವರ ಮಗ. ಅದಾಗಿ ಇನ್ನೂ ಬಹಳ ಕಾಲ ಕಳೆದಿಲ್ಲ. ಆ ಅಧ್ಯಕ್ಷನ ಪ್ರಾಣಮಿತ್ರನ ಮೈಮೇಲೆ, ಅದೇ ಸೀಮೆಯಿಂದ ಬಂದ, ಮಾತು ತೊದಲುವ ಒಬ್ಬ ಅಪರಿಚಿತ ಕೈ ಹಾಕುತ್ತಾನೆ! ಒಂದೆರಡು ಕ್ಷಣ ತಡವಾಗಿದ್ದರೆ ಪೊಲೀಸರ ಕೈಗೆ ಸಿಕ್ಕಿ ಜೈಲು ಸೇರಬೇಕಾಗುತ್ತಿತ್ತು, ಅದಕ್ಕಿಂತ ಕೆಟ್ಟದ್ದೂ ಆಗಬಹುದಿತ್ತು. ಆಟ ಸರಿಹೋಯಿತು, ಸೆನೆಟರ್ ನಕ್ಕ, ದೊಡ್ಡವರ ಮನೆಯ ಬಾಗಿಲು ತೆರೆಯಿತು. ಮುಂದೆ ಶ್ವೇತಭವನದಲ್ಲಿ ಒಬ್ಬರಿಗಿಂತ ಹೆಚ್ಚು ಅಧ್ಯಕ್ಷರ ಎದುರು, ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ರಾಜಮನೆತನದ ಎದುರು ಅವನ ಆಟ ನಡೆಯಿತು.

ಹಾಗಾದರೆ ಅದು ಬರೀ ಭಂಡತನವೇ? ಭಂಡತನ ಇತ್ತು, ಸುಳ್ಳಲ್ಲ. ಆದರೆ ಅದರ ಒಳಗಿನ ಲೆಕ್ಕ ನೋಡಿ. ಆತ ಮೊದಲು ಅಪ್ಪಣೆ ಕೇಳಲಿಲ್ಲ. ಕೇಳಿದ್ದರೆ ಬೇಡ ಎಂಬ ಉತ್ತರ ಸಿದ್ಧವಾಗಿತ್ತು. ತಾನು ಜಾದೂಗಾರ ಅಂತ ಹೇಳಿಕೊಳ್ಳಲೂ ಇಲ್ಲ. ಹೇಳಿದ್ದರೆ ಎದುರಿನವನು ಹುಷಾರಾಗುತ್ತಿದ್ದ. ಏನೋ ನಷ್ಟ ಆಯಿತು ಎಂಬ ಗಾಬರಿ ಹುಟ್ಟಿಸಿ, ಆ ಗಾಬರಿ ಕೋಪವಾಗುವ ಮೊದಲೇ ನಷ್ಟವನ್ನು ತುಂಬಿಕೊಟ್ಟ. ಬಾಯಿಮಾತಿನ ಪರಿಚಯ ಮಾಡಿಕೊಳ್ಳಲು ಬೇಕಾದ ಇಂಗ್ಲಿಷ್ ಅವನಲ್ಲಿ ಇರಲಿಲ್ಲ. ಅದಕ್ಕೇ ಮಾತು ಬೇಡದ ಪರಿಚಯವನ್ನು ಕಂಡುಕೊಂಡ. ಕೊರತೆಯೇ ಕಸುಬಾಯಿತು.

ಊರಿಂದೂರಿಗೆ ಅವನ ಪದ್ಧತಿ ಹೀಗೆ. ಹೊಸ ಪಟ್ಟಣಕ್ಕೆ ಬಂದರೆ ಅಗ್ಗದ ಛತ್ರ ಹುಡುಕುವುದಿಲ್ಲ. ಒಳ್ಳೆಯ ಹೋಟೆಲಿನಲ್ಲೇ ಇಳಿಯುತ್ತಾನೆ. ಚೆನ್ನಾಗಿ ಉಡುಪು ಧರಿಸುತ್ತಾನೆ. ಸಂಜೆ ಹೋಟೆಲಿನ ಬಾರಿಗೋ ಊಟದ ಕೋಣೆಗೋ ಬಂದು ಕೂರುತ್ತಾನೆ, ಉಳಿದವರಂತೆ ತಾನೂ ಒಬ್ಬ ಗಿರಾಕಿ. ಪಕ್ಕದವನ ನಾಣ್ಯ ಕೇಳಿ ಪಡೆದು ಒಂದು ಆಟ. ಆಗ ಹತ್ತಿರದ ಟೇಬಲ್ಲಿನವರ ಕತ್ತು ತಿರುಗುತ್ತದೆ. ಇನ್ನೊಂದು ಆಟ. ಹಸಿವು ಕೆರಳಿದ ಹೊತ್ತಿಗೆ ನಿಲ್ಲಿಸಿಬಿಡುತ್ತಾನೆ. ಪೂರ್ತಿ ನೋಡಬೇಕಾದರೆ ಇದೇ ಹೋಟೆಲಿನ ಕೋಣೆಯಲ್ಲಿ ಕಾರ್ಯಕ್ರಮ ಇದೆ, ಟಿಕೆಟ್ ಕೊಳ್ಳಿ! ರುಚಿ ತೋರಿಸುವುದು ಟೇಬಲ್ಲಿನಲ್ಲಿ, ಎಲೆ ಹಾಕಿ ಬಡಿಸುವುದು ಕೋಣೆಯಲ್ಲಿ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು, ಪಡಖಾನೆಗಳೆಲ್ಲ ಬಾಗಿಲು ಹಾಕಿದವು. ಪಡಖಾನೆಯನ್ನೇ ನೆಚ್ಚಿಕೊಂಡವರಿಗೆ ಕೂಳು ತಪ್ಪಿತು. ಅಷ್ಟು ಹೊತ್ತಿಗೆ ಇವನು ದಿವಾನಖಾನೆಗಳನ್ನು ಸೇರಿಕೊಂಡಿದ್ದ. ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಾ, ಪೂರ್ವ ಏಷ್ಯಾದ ಬಂದರುಗಳು... ಇಷ್ಟು ಕಡೆ ಇಷ್ಟು ಕಡಮೆ ಸಾಮಾನು ಹಿಡಿದು ಸುತ್ತಿದ ಜಾದೂಗಾರರು ಅಪರೂಪ.

ಭಂಡತನ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಅದರ ಹಿಂದೆ ಅದಕ್ಕಿಂತ ದೊಡ್ಡ ಗುಣವೊಂದಿತ್ತು, ತಾಳ್ಮೆ. ಅವನ ಅತಿ ಹೆಸರಾದ ಆಟ ಮಂಜುಗಡ್ಡೆಯದು. ಊಟದ ಟೇಬಲ್ಲಿನಲ್ಲಿ ಎಲ್ಲರೊಡನೆ ಹರಟುತ್ತ ಕೂತಿರುತ್ತಾನೆ. ಎಷ್ಟೋ ಹೊತ್ತಾದ ಮೇಲೆ ಯಾರದೋ ಹ್ಯಾಟು ಕೇಳುತ್ತಾನೆ, ಯಾರದೋ ಬೆಳ್ಳಿ ನಾಣ್ಯ ಕೇಳುತ್ತಾನೆ. ಆ ಕಾಲದ ಅಮೆರಿಕದ ಬೆಳ್ಳಿ ಡಾಲರಿನ ಒಂದು ಬದಿಗೆ ಹೆಣ್ಣಿನ ಮುಖ, ಇನ್ನೊಂದು ಬದಿಗೆ ಗಿಡುಗ. ನಾಣ್ಯವನ್ನು ತಿರುಗಿಸಿ ಹ್ಯಾಟು ಮುಚ್ಚಿ, ಹೆಣ್ಣೋ ಗಿಡುಗವೋ ಅಂತ ಕೇಳುತ್ತಾನೆ. ಹ್ಯಾಟು ಎತ್ತಿದರೆ ನಾಣ್ಯ. ಮತ್ತೊಮ್ಮೆ, ಮತ್ತೆ ನಾಣ್ಯ. ಇದೆಂಥ ಆಟ ಅಂತ ಎಲ್ಲರೂ ಸ್ವಲ್ಪ ಬೇಸರಪಡುವ ಹೊತ್ತಿಗೆ ಮೂರನೆಯ ಸಲ ಹ್ಯಾಟು ಎತ್ತುತ್ತಾನೆ. ಕೆಳಗೆ ನಾಣ್ಯ ಇಲ್ಲ, ಒಂದು ದೊಡ್ಡ ಮಂಜುಗಡ್ಡೆ! ಅವನು ಅಷ್ಟು ಹೊತ್ತು ಎದ್ದೇ ಇಲ್ಲ. ಗಡ್ಡೆ ಎಲ್ಲಿತ್ತು? ಬೆಚ್ಚಗಿನ ಕೋಣೆಯಲ್ಲಿ ಕರಗದೆ ಹೇಗೆ ಉಳಿಯಿತು? ನೋಡಿದವರು ಮುದುಕರಾದ ಮೇಲೂ ಇದನ್ನೇ ಹೇಳಿಕೊಂಡು ಕೂತರು.

ಇಂಥ ಆಟಕ್ಕೆ ಕೈಯ ವೇಗ ಸಾಲದು. ಎದುರಿಗಿದ್ದವರೆಲ್ಲರ ಗಮನ ಒಂದು ಕ್ಷಣ ಬೇರೆಡೆ ಹೋಗಬೇಕು, ಆ ಕ್ಷಣದಲ್ಲಿ ಕೆಲಸ ಮುಗಿಯಬೇಕು. ಆ ಕ್ಷಣ ಬಾರದಿದ್ದರೆ? ಬರುವವರೆಗೂ ಕಾಯುತ್ತಿದ್ದ, ಅಷ್ಟೆ. ಒಂದು ವಾರ ಕಾಯಬೇಕಾದರೂ ಅವನು ತಯಾರು ಅಂತ ಜಾದೂಗಾರರಲ್ಲಿ ಮಾತಿದೆ. ಇನ್ನೊಂದು ಕಥೆಯನ್ನೂ ಅವರು ಹೇಳಿಕೊಂಡು ಬಂದಿದ್ದಾರೆ: ದೊಡ್ಡ ಮನುಷ್ಯನೊಬ್ಬನ ದರ್ಜಿಗೆ ಹಣ ಕೊಟ್ಟು, ಹೊಸ ಕೋಟಿನ ಅಸ್ತರಿನೊಳಗೆ ಒಂದು ಇಸ್ಪೀಟಿನ ಎಲೆ ಹೊಲಿಸಿಟ್ಟು, ಆ ಕೋಟು ತೊಟ್ಟು ಆತ ಎದುರಾಗುವವರೆಗೆ ಬಹಳ ಕಾಲ ಕಾದನಂತೆ. ಎದುರಾದ ದಿನ ಆ ಎಲೆಯನ್ನೇ ಆರಿಸುವ ಹಾಗೆ ಮಾಡಿ, ಅಸ್ತರು ಬಿಚ್ಚಿಸಿ ತೋರಿಸಿದನಂತೆ. ಎಷ್ಟು ನಿಜವೋ, ಕೇಳುವಾಗ ಮಾತ್ರ ಮೈ ಜುಮ್ಮೆನ್ನುತ್ತದೆ. ನೋಡಿದವರ ಲೆಕ್ಕದಲ್ಲಿ ಮಲೀನಿ ಥಟ್ಟನೆ ಬಂದ, ಥಟ್ಟನೆ ಮಾಡಿದ. ಅವನ ಲೆಕ್ಕದಲ್ಲಿ ಆಟ ಎಂದೋ ಶುರುವಾಗಿತ್ತು.

ಅವನ ನಂತರ ಹೋಟೆಲಿನ ಜಾದೂ ಒಂದು ಕಾಯಂ ಉದ್ಯೋಗವೇ ಆಯಿತು. ಚಿಕಾಗೋದ ಮ್ಯಾಟ್ ಶೂಲಿಯನ್ (1967ರಲ್ಲಿ ತೀರಿಕೊಂಡ) ತನ್ನ ಮನೆಯವರ ರೆಸ್ಟೋರೆಂಟಿನಲ್ಲೇ ಟೇಬಲ್ಲಿಂದ ಟೇಬಲ್ಲಿಗೆ ಹೋಗುತ್ತಿದ್ದ. ಎಲೆಯ ಕಟ್ಟನ್ನು ಗೋಡೆಗೆ ಎಸೆದರೆ ಗಿರಾಕಿ ಆರಿಸಿದ ಎಲೆಯೊಂದೇ ಅಲ್ಲಿ ಅಂಟಿ ನಿಲ್ಲುತ್ತಿತ್ತು. ಆದರೆ ಆತ ಮಾಲೀಕ, ಅವನು ಬಂದರೆ ಯಾರೂ ಹುಬ್ಬು ಗಂಟಿಕ್ಕರು. ಸಂಬಳಕ್ಕೆ ಟೇಬಲ್ ಸುತ್ತುವ ಜಾದೂಗಾರರು ಮಲೀನಿಯ ಹಾಗೆ ಗುಂಡಿ ಕಚ್ಚಲಾಗುವುದಿಲ್ಲ. ಅವರದೊಂದು ಶಿಸ್ತು ಬೆಳೆದಿದೆ. ಗಿರಾಕಿ ಆರ್ಡರ್ ಕೊಟ್ಟಾದ ಮೇಲೆ, ತಿಂಡಿ ಬರುವ ಮೊದಲು, ನಡುವಿನ ಆ ಖಾಲಿ ಸಮಯದಲ್ಲೇ ಹೋಗಬೇಕು. ಬಾಯಲ್ಲಿ ತುತ್ತಿರುವಾಗ ಎಂದೂ ಮಾತಾಡಿಸಬಾರದು. ಬೆನ್ನ ಹಿಂದಿನಿಂದ ಬರದೆ, ಎಲ್ಲರಿಗೂ ಮುಖ ಕಾಣುವ ಕಡೆ ನಿಲ್ಲಬೇಕು. ತಾನು ಹೋಟೆಲಿನ ಕಡೆಯವನು, ದುಡ್ಡು ಕೇಳಲು ಬಂದವನಲ್ಲ ಅಂತ ಮೊದಲ ವಾಕ್ಯದಲ್ಲೇ ತಿಳಿಸಬೇಕು. ಮೊದಲ ಆಟ ಚಿಕ್ಕದು, ಅವರದೇ ವಸ್ತುವಿನಲ್ಲಿ, ಅವರದೇ ಕೈಯಲ್ಲಾದರೆ ಇನ್ನೂ ಒಳ್ಳೆಯದು. ಬೇಡ ಅಂದರೆ ನಗುತ್ತ ನಮಸ್ಕಾರ ಹೇಳಿ ಹೊರಡಬೇಕು. ತಟ್ಟೆ ಬಂದರೆ ಆಟ ಅರ್ಧಕ್ಕೇ ಮುಗಿಸಿ ದಾರಿ ಬಿಡಬೇಕು. ನೋಡಲು ಇದು ಮಲೀನಿಗೆ ತದ್ವಿರುದ್ಧ. ಆದರೆ ಒಳಗಿನ ಲೆಕ್ಕ ಒಂದೇ. ಎದುರಿಗಿರುವವನ ಮನಸ್ಸು ಈಗ ಎಲ್ಲಿದೆ ಅಂತ ಮೊದಲು ನೋಡು, ಆಮೇಲೆ ಹೆಜ್ಜೆ ಇಡು.

ಮಲೀನಿಯ ಕೊನೆ ಬಂದದ್ದು ಹವಾಯಿ ದ್ವೀಪಸಮೂಹದ ಹೊನೊಲುಲುವಿನಲ್ಲಿ. 1941ರ ಡಿಸೆಂಬರ್ 7ರಂದು ಪಕ್ಕದ ಪರ್ಲ್ ಹಾರ್ಬರಿನ ಮೇಲೆ ಜಪಾನಿನ ಬಾಂಬು ಬಿದ್ದಿತ್ತು. ಊರು ತುಂಬ ಸೈನಿಕರು, ರಾತ್ರಿ ದೀಪ ಹಚ್ಚಲು ಅಪ್ಪಣೆ ಇಲ್ಲ. ಅಲ್ಲಿ 1942ರ ಅಕ್ಟೋಬರ್ 3ರಂದು, ಸುಮಾರು 69ರ ವಯಸ್ಸಿನಲ್ಲಿ ಆತ ಕಣ್ಣು ಮುಚ್ಚಿದ. ಜನ್ಮವಿಡೀ ಹೋಟೆಲಿನಿಂದ ಹೋಟೆಲಿಗೆ ಓಡಾಡಿದವನು, ಹುಟ್ಟಿದ ಊರಿನಿಂದ ಅರ್ಧ ಭೂಮಿ ದೂರದಲ್ಲಿ ಮಣ್ಣಾದ.

ಆತ ಬಿಟ್ಟುಹೋದ ದೊಡ್ಡ ಪೆಟ್ಟಿಗೆಗಳಿಲ್ಲ. ಅವನನ್ನು ಕಣ್ಣಾರೆ ಕಂಡಿದ್ದ ಡಾಯ್ ವರ್ನನ್ (1894–1992) ಎಂಬ ಮಹಾ ಕೈಚಳಕಗಾರನ ನೆನಪುಗಳಿಂದ 1962ರಲ್ಲಿ ಅವನ ಬಗ್ಗೆ ಒಂದು ಪುಸ್ತಕ ಬಂತು. 2018ರಲ್ಲಿ ತೀರಿಕೊಂಡ ರಿಕಿ ಜೇ ಎಂಬ ಜಾದೂಗಾರನೂ ಅವನ ಬಗ್ಗೆ ಬರೆದ. ಈ ರಿಕಿ ಜೇ ಒಮ್ಮೆ ಒಂದು ರೆಸ್ಟೋರೆಂಟಿನಲ್ಲಿ ಒಬ್ಬ ಪತ್ರಕರ್ತೆಯ ಎದುರು ಕೂತು ಮಾತಾಡುತ್ತ ಆಡುತ್ತ ಮೆನು ಹಲಗೆಯನ್ನು ಎತ್ತಿದ. ಕೆಳಗೆ ಮಂಜುಗಡ್ಡೆ! ಆಕೆ ಅತ್ತೇಬಿಟ್ಟಳು. ಮಲೀನಿ ಸತ್ತು ಐವತ್ತು ವರ್ಷ ಕಳೆದ ಮೇಲೂ ಅವನ ಆಟ ಊಟದ ಟೇಬಲ್ಲಿನಲ್ಲಿ ಒಬ್ಬರನ್ನು ಅಳಿಸಿತು ಅಂದರೆ ಏನು ಹೇಳೋಣ?

ನಾನು ಜಾದೂ ಕಲಿತಿಲ್ಲ, ಕಲಿಯುವ ಆಸೆಯೂ ಇಲ್ಲ. ಆದರೆ ಆ ಸಂಜೆ ನಾನು ಮಾಡಿದ ತಪ್ಪು ಈಗ ಕಾಣುತ್ತದೆ. ಎಲ್ಲರ ಕೈಯೂ ದೋಸೆಯಲ್ಲಿದ್ದಾಗ ಹೋಗಿ ನಿಂತೆ. ಮನಸ್ಸಿನಲ್ಲೇ ಬೇಡುವವನಾಗಿ ಹೋಗಿದ್ದೆ, ಅದಕ್ಕೇ ನೀರು ತರಿಸಿಕೊಂಡರು. ನನ್ನ ಬಳಿ ಕೊಡುವಂಥದ್ದು ಇತ್ತು. ಎರಡು ತಿಂಗಳು ರಾತ್ರಿ ನಿದ್ದೆಗೆಟ್ಟು ನಾವು ಕಲಿತ ಒಂದು ಕನ್ನಡ ನಾಟಕ, ಪರಊರಿನಲ್ಲಿ ಕೂತು ಕನ್ನಡದಲ್ಲಿ ಹರಟುವ ಆ ನಾಲ್ವರಿಗೆಂದೇ ಆಡುವ ನಾಟಕ! ಅದನ್ನು ಮಾತ್ರ ನಾನು ಹೇಳಲಿಲ್ಲ.

ಈ ವರ್ಷದ ನಾಟಕ ಬರುವ ತಿಂಗಳು. ಟಿಕೆಟ್ ಪುಸ್ತಕ ಮತ್ತೆ ನನ್ನ ಕೈಗೇ ಬಂದಿದೆ. ಅದೇ ಹೋಟೆಲಿಗೆ ಹೋಗುತ್ತೇನೆ. ಈ ಸಲ ಅವರ ಕೈ ತೊಳೆದು ಕಾಫಿ ಬರುವವರೆಗೆ ಕಾಯುತ್ತೇನೆ. ಗುಂಡಿ ಕಚ್ಚುವುದಿಲ್ಲ ಅಂತ ಸಂಘದ ಕಾರ್ಯದರ್ಶಿಗಳಿಗೆ ಭರವಸೆ ಕೊಟ್ಟಿದ್ದೇನೆ!